ಪೇಂಟ್ ಆಮೇಲೆ, ಮೊದಲು ಕಣ್ಣು

ಅಂಗಡಿಯಿಂದ ತಂದ ವೇಷದ ಹೆಲ್ಮೆಟ್ ಹಿಡಿದುಕೊಂಡು ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. "ಇದಕ್ಕೆ ಯಾವ ಪೇಂಟ್ ಹೊಡೆದರೆ ಸಿನಿಮಾದಲ್ಲಿ ಇದ್ದ ಹಾಗೆ ಕಾಣುತ್ತೆ?" ನಾಟಕಕ್ಕೆ, ಶೂಟಿಂಗಿಗೆ ವೇಷದ ಸಾಮಾನು ಮಾಡಿಕೊಡುವುದು ನನ್ನ ಕೆಲಸ. ನನ್ನ ಉತ್ತರವೂ ಪ್ರತಿ ಸಲ ಒಂದೇ. ಪೇಂಟ್ ಡಬ್ಬಿ ಪಕ್ಕಕ್ಕಿಡಿ. ಮೊದಲು ಇದರ ಕಣ್ಣು ನೋಡೋಣ.

ಒಮ್ಮೆ ಒಬ್ಬ ಹುಡುಗ ಸ್ಟಾರ್ ವಾರ್ಸ್ ಸಿನಿಮಾಗಳ ಖಳನಾಯಕ ಡಾರ್ತ್ ವೇಡರ್‌ನ ಹೆಲ್ಮೆಟ್ ತಂದಿದ್ದ. ಕಾರ್ಯಕ್ರಮಕ್ಕೆ ಎರಡೇ ದಿನ ಬಾಕಿ. ಅಷ್ಟರಲ್ಲಿ ಬಣ್ಣ ಹೊಡೆದು ಒಣಗಿಸಲು ಆಗುವುದಿಲ್ಲ. ಹಾಗಾಗಿ ಎರಡು ಕೆಲಸ ಮಾತ್ರ ಮಾಡಿದೆ. ಕಣ್ಣಿನ ಲೆನ್ಸ್ ಬದಲಿಸಿದೆ, ಒಳಭಾಗಕ್ಕೆಲ್ಲ ಹೊಳಪಿಲ್ಲದ ಕಪ್ಪು ಬಳಿದೆ. ಹೊರಗಡೆ ಬ್ರಷ್ ತಾಗಿಸಲೇ ಇಲ್ಲ. ವಾಪಸ್ ಕೊಟ್ಟಾಗ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸರ್, ಎಷ್ಟು ಕೋಟ್ ಹೊಡೆದ್ರಿ?" ಅಂತ ಕೇಳಿದ.

ಯಾರ ಮುಖವನ್ನೇ ಆಗಲಿ, ನಾವು ಮೊದಲು ನೋಡುವುದು ಕಣ್ಣನ್ನು. ಮುಖವಾಡಕ್ಕೂ ಅದೇ ಮಾತು. ಅಂಗಡಿಯ ಹೆಲ್ಮೆಟ್‌ನಲ್ಲಿ ಕಣ್ಣಿನ ಜಾಗಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದರ ಹಿಂದೆ ಹಾಕಿಕೊಂಡವರ ಕೆನ್ನೆ, ಕನ್ನಡಕ ಎಲ್ಲ ಕಾಣುತ್ತದೆ. ಕತ್ತಿನ ಕಡೆಯಿಂದ ಒಳಗೆ ಬಂದ ಬೆಳಕು ಒಳಗಿನ ಪ್ಲಾಸ್ಟಿಕ್‌ಗೆ ಬಡಿದು ಕಣ್ಣಿನಿಂದ ಆಚೆ ಬರುತ್ತದೆ. ಇದೊಂದು ಸರಿಹೋಗದಿದ್ದರೆ ಉಳಿದ ಯಾವ ಶ್ರಮವೂ ದಕ್ಕುವುದಿಲ್ಲ.

ಆದರೆ "ಸಿನಿಮಾದಲ್ಲಿ ಇದ್ದ ಹಾಗೆ" ಅಂದರೆ ಯಾವ ಸಿನಿಮಾದ ಹಾಗೆ? ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. 1977ರ ಮೊದಲ ಸ್ಟಾರ್ ವಾರ್ಸ್‌ನಲ್ಲಿ ವೇಡರ್‌ನ ಲೆನ್ಸ್‌ಗೆ ಕೆಂಪು ಬೆರೆತ ಛಾಯೆ ಇತ್ತು. ಮುಂದಿನ ಸಿನಿಮಾಗಳಲ್ಲಿ ಅದು ಕಪ್ಪಾಯಿತು. ಸ್ಟಾರ್ಮ್‌ಟ್ರೂಪರ್ ಸೈನಿಕರ ವಿಷಯದಲ್ಲಿ ಒಂದೇ ಸಿನಿಮಾದೊಳಗೆ ಎರಡು ಬಗೆಯ ಹೆಲ್ಮೆಟ್ ಇದ್ದವು. ಸಾಹಸ ದೃಶ್ಯಕ್ಕೆ ಮಾಡಿದ್ದರಲ್ಲಿ ಚಪ್ಪಟೆಯಾದ ಹಸಿರು ಲೆನ್ಸ್. ಹತ್ತಿರದ ಶಾಟ್‌ಗೆ ಮಾಡಿದ್ದರಲ್ಲಿ ಗುಳ್ಳೆಯಂತೆ ಉಬ್ಬಿದ ಲೆನ್ಸ್. ಒಂದರ ಕಣ್ಣು, ಇನ್ನೊಂದರ ಬಣ್ಣ, ಮತ್ತೊಂದರ ಆಕಾರ ಸೇರಿಸಿದರೆ ತಿಳಿದವರ ಕಣ್ಣಿಗೆ ಅದು ಯಾವುದೂ ಆಗಿರುವುದಿಲ್ಲ. ಒಂದು ಸಿನಿಮಾ, ಅದರಲ್ಲಿ ಒಂದು ದೃಶ್ಯ ಆರಿಸಿಕೊಳ್ಳಿ. ಸ್ಟಾರ್ ವಾರ್ಸ್ ವೇಷ ಹಾಕುವವರ 501ಸ್ಟ್ ಲೀಜನ್ ಅನ್ನುವ ಸಂಘ 1997ರಿಂದ ಇದೆ. ಪ್ರತಿ ಪಾತ್ರದ ವೇಷ ಹೇಗಿರಬೇಕು ಅಂತ ಅವರು ಬಿಡಿಬಿಡಿಯಾಗಿ ಬರೆದು, ಫೋಟೋ ಸಮೇತ ಇಟ್ಟಿದ್ದಾರೆ. ಆ ವೇಷಗಳ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕೈಪಿಡಿ ನಾನು ಕಂಡಿಲ್ಲ.

ಫೋಟೋ ನೋಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಬಹಳ ಜನ ಫೋನನ್ನು ಹೆಲ್ಮೆಟ್ ಹತ್ತಿರ ಹಿಡಿದು ಫೋಟೋ ತೆಗೆಯುತ್ತಾರೆ, ಸಿನಿಮಾದ ಚಿತ್ರದ ಪಕ್ಕ ಇಡುತ್ತಾರೆ, "ಮೂಗಿನ ಭಾಗ ದಪ್ಪ ಇದೆ" ಅಂತ ಉಜ್ಜಲು ಕೂರುತ್ತಾರೆ. ಮೂಗು ದಪ್ಪ ಇರುವುದಿಲ್ಲ. ಹತ್ತಿರದಿಂದ ತೆಗೆದಾಗ ಮುಂದಿರುವ ಭಾಗ ಊದಿಕೊಂಡು, ಹಿಂದಿನದು ಕುಗ್ಗಿ ಕಾಣುತ್ತದೆ. ಹೆಲ್ಮೆಟ್ಟನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ಇಡಿ. ಮೂರು ನಾಲ್ಕು ಮೀಟರ್ ದೂರ ಹೋಗಿ. ಅಲ್ಲಿಂದ ಝೂಮ್ ಮಾಡಿ ತೆಗೆಯಿರಿ. ಸಿನಿಮಾದ ಚಿತ್ರದಲ್ಲಿ ಮುಖ ಎಷ್ಟು ತಿರುಗಿದೆಯೋ ಅಷ್ಟೇ ತಿರುಗಿಸಿ ಇನ್ನೊಂದು ತೆಗೆಯಿರಿ. ಆಮೇಲೆ ಒಂದರ ಮೇಲೊಂದು ಇಟ್ಟು ನೋಡಿ. ನಿಜವಾದ ತಪ್ಪುಗಳು ಆಗ ಕಾಣುತ್ತವೆ. ಹೀಗೆ ನೋಡಿದ ಮೇಲೆ ಅರ್ಧ ಕೆಲಸ ಬೇಡವೇ ಬೇಡ ಅಂತ ಗೊತ್ತಾದದ್ದು ಎಷ್ಟೋ ಸಲ.

ಇನ್ನು ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್? ಇದನ್ನು ಕೇಳದೆ ನಾನೇ ಒಮ್ಮೆ ಕೆಟ್ಟಿದ್ದೇನೆ. ಕೆಲಸ ಕಲಿಯುತ್ತಿದ್ದ ಕಾಲ. ಒಂದು ಹೆಲ್ಮೆಟ್‌ಗೆ ನಾಲ್ಕು ದಿನ ಕೂತು ಬಣ್ಣ ಹಾಕಿದ್ದೆ. ತಲೆಗೆ ಹಾಕಿಕೊಳ್ಳುವಾಗ ಅಂಚು ಸ್ವಲ್ಪ ಬಾಗಿತು, ಅಷ್ಟೇ. ಹಾವು ಪೊರೆ ಬಿಟ್ಟ ಹಾಗೆ ಬಣ್ಣ ಎದ್ದು ಬಂತು. ಅದು ಪಾಲಿಎಥಿಲೀನ್. ಅದರ ಮೇಲೆ, ಪಾಲಿಪ್ರೊಪಿಲೀನ್ ಮೇಲೆ ಮಾಮೂಲಿ ಬಣ್ಣ ಹಿಡಿಯುವುದಿಲ್ಲ.

ಪರೀಕ್ಷೆ ಸುಲಭ. ಒಳಗಡೆ ಕಾಣದ ಜಾಗದಿಂದ ಬ್ಲೇಡಿನಲ್ಲಿ ಒಂದು ಚೂರು ಕೆರೆಯಿರಿ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿಗೆ ಬಿಡಿ. ತೇಲಿದರೆ ಅದು ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್. ಮುಟ್ಟಿದರೂ ಮೇಣದ ಹಾಗೆ ಜಾರುತ್ತದೆ. ಮುಳುಗಿದರೆ ಎಬಿಎಸ್ ಅಥವಾ ಪಿವಿಸಿ ಅನ್ನುವ ಪ್ಲಾಸ್ಟಿಕ್ ಇರುವ ಸಾಧ್ಯತೆ ಜಾಸ್ತಿ. ಮುಳುಗುವುದು ಒಳ್ಳೆಯ ಸುದ್ದಿ. ತೇಲಿದರೆ, ಬಣ್ಣದ ಕೆಳಗೆ ಹೊಡೆಯುವ ಪ್ರೈಮರ್‌ಗಿಂತ ಮೊದಲು ಅಡ್ಹೀಷನ್ ಪ್ರಮೋಟರ್ ಅನ್ನುವ ಸ್ಪ್ರೇ ಬೇಕು. ಗಾಡಿಗಳ ಪ್ಲಾಸ್ಟಿಕ್ ಬಂಪರ್‌ಗೆ ಬಣ್ಣ ಹೊಡೆಯುವವರು ಬಳಸುತ್ತಾರಲ್ವಾ, ಅದೇ. ಪ್ಲಾಸ್ಟಿಕ್ ಯಾವುದೇ ಇರಲಿ, ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಅಂಶ ಮೇಲೆ ಉಳಿದಿರುತ್ತದೆ.

ಈಗ ಕಣ್ಣಿಗೆ ಬರೋಣ. ಹಳೇ ಲೆನ್ಸ್ ಕಿತ್ತು ತೆಗೆಯಿರಿ. ಕಣ್ಣಿನ ರಂಧ್ರದ ಅಂಚು ನೋಡಿ. ಅಲ್ಲಿ ಪ್ಲಾಸ್ಟಿಕ್‌ನ ದಪ್ಪ ಎದ್ದು ಕಾಣುತ್ತದೆ. ಇದೇ ಆಟಿಕೆಯ ದೊಡ್ಡ ಗುರುತು. ಅಂಚನ್ನು ಒಳಗಿನಿಂದ ಓರೆಯಾಗಿ ಕೆರೆದು ತೆಳ್ಳಗೆ ಮಾಡಿ. ಹೊರಗಿನ ಗೆರೆ ಮುಟ್ಟಬೇಡಿ. ಒಳಗಿನ ದಪ್ಪ ಮಾತ್ರ ಹೋಗಬೇಕು. ಹೊರಗಿನಿಂದ ನೋಡುವವರಿಗೆ ಇಡೀ ಹೆಲ್ಮೆಟ್ ತೆಳು ತಗಡಿನಲ್ಲಿ ಮಾಡಿದ ಹಾಗೆ ಕಾಣುತ್ತದೆ. ತಿರುಗುವ ಉಪಕರಣ ಬಳಸುವುದಾದರೆ ವೇಗ ಕಡಿಮೆ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಉಪಕರಣದ ಹಲ್ಲುಗಳಿಗೆ ಸುತ್ತಿಕೊಳ್ಳುತ್ತದೆ. ನಾನು ಕೊನೆಯ ಒಂದು ಮಿಲಿಮೀಟರನ್ನು ಅರದಲ್ಲೇ ಉಜ್ಜುತ್ತೇನೆ. ಕೈಗೆ ಅಂಚು ಎಲ್ಲಿ ಮುಗಿಯಿತು ಅಂತ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಲೆನ್ಸ್‌ಗೆ ಬಣ್ಣದ ಅಕ್ರಿಲಿಕ್ ಹಾಳೆ ಸಾಕು. ಹಸಿರು ಬೇಕಿದ್ದರೆ ಬೆಸುಗೆಯವರ ಮುಖಕವಚದ ಹಸಿರು ಹಾಳೆ ನೋಡಿ, ಆದರೆ ತಿಳಿ ಶೇಡಿನದು ತೆಗೆದುಕೊಳ್ಳಿ. ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿ. ರಂಧ್ರಕ್ಕಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಿರಲಿ. ಉಬ್ಬಿದ ಲೆನ್ಸ್ ಬೇಕಿದ್ದರೆ ಅಕ್ರಿಲಿಕ್ ಹಾಳೆಯನ್ನು ಬಿಸಿ ಮಾಡಿ ದುಂಡನೆಯ ಅಚ್ಚಿನ ಮೇಲೆ ಎಳೆಯಬೇಕು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಶಾಖ ಜಾಸ್ತಿಯಾದರೆ ಒಳಗೆ ಗುಳ್ಳೆ ಏಳುತ್ತದೆ. ಮೊದಲೆರಡು ಹಾಳೆ ಹಾಳಾಗುತ್ತವೆ ಅಂತಲೇ ಇಟ್ಟುಕೊಳ್ಳಿ, ಹೆಚ್ಚು ಹಾಳೆ ತಂದಿಟ್ಟುಕೊಳ್ಳಿ. ಪಿವಿಸಿಯನ್ನು ಮಾತ್ರ ಯಾವತ್ತೂ ಸುಡುವಷ್ಟು ಬಿಸಿ ಮಾಡಬೇಡಿ. ಅದರಿಂದ ಬರುವುದು ಆಮ್ಲದ ಹೊಗೆ.

ಎಷ್ಟು ಕಪ್ಪು ಇರಬೇಕು? ಹೊರಗಿನವರಿಗೆ ನಿಮ್ಮ ಕಣ್ಣು ಕಾಣಬಾರದು, ನಿಮಗೆ ಮೆಟ್ಟಿಲು ಕಾಣಬೇಕು. ಒಳಗೆ ಕಪ್ಪು ಬಳಿದಿದ್ದರೆ ತಿಳಿ ಲೆನ್ಸ್ ಕೂಡ ಹೊರಗಿನಿಂದ ಗಾಢವಾಗಿ ಕಾಣುತ್ತದೆ. ಆ ಹುಡುಗನ ಹೆಲ್ಮೆಟ್‌ನಲ್ಲಿ ಆಗಿದ್ದು ಇದೇ. ಅದಕ್ಕೇ ನಾನು ಮೊದಲು ಒಳಗೆ ಬಳಿದು, ಆಮೇಲೆ ಲೆನ್ಸಿನ ಶೇಡ್ ಆರಿಸುವುದು. ಬಾಯಿ, ಗಲ್ಲದ ಜಾಲರಿಗೂ ಇದೇ ಲೆಕ್ಕ. ಅಂಗಡಿಯ ಹೆಲ್ಮೆಟ್‌ನಲ್ಲಿ ಜಾಲರಿಯ ಸಂದುಗಳನ್ನು ತೆರೆದಿರುವುದಿಲ್ಲ, ಮೇಲೆ ಕಪ್ಪು ಬಣ್ಣ ಹಚ್ಚಿರುತ್ತಾರೆ. ಆ ಸಂದುಗಳನ್ನು ನಿಜವಾಗಿ ಕೊರೆದು, ಹಿಂದೆ ಕಪ್ಪು ಬಲೆ ಅಂಟಿಸಿ. ಬಣ್ಣದ ಕಪ್ಪೇ ಬೇರೆ, ನೆರಳಿನ ಕಪ್ಪೇ ಬೇರೆ. ಜೊತೆಗೆ ಉಸಿರಾಟಕ್ಕೂ ದಾರಿಯಾಗುತ್ತದೆ.

ಜೋಡಿಸಿದ ಗೆರೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎಬಿಎಸ್ ಆಗಿದ್ದರೆ ಕತ್ತರಿಸಿ ಬಿದ್ದ ಚೂರುಗಳನ್ನೇ ಅಸಿಟೋನ್ ಅನ್ನುವ ದ್ರಾವಕದಲ್ಲಿ ಕರಗಿಸಿ ಗಂಜಿಯಂತೆ ಮಾಡಿ ಗೆರೆಗೆ ತುಂಬಬಹುದು. ಅದು ಹೆಲ್ಮೆಟ್‌ನ ಜೊತೆ ಒಂದಾಗಿ ಬೆರೆಯುತ್ತದೆ. ಅಸಿಟೋನ್ ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಸ್ಕ್ರೂ ತೂತುಗಳಿಗೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಸಾಕು. ಬಾಗುವ ಮೆತ್ತನೆ ಹೆಲ್ಮೆಟ್‌ಗೆ ಗಟ್ಟಿ ಪುಟ್ಟಿ ಹಾಕಿದರೆ ಬಿರುಕು ಬಿಡುತ್ತದೆ, ಅದಕ್ಕೆ ಬಂಪರ್ ಪುಟ್ಟಿಯೇ ಸರಿ. ಉಜ್ಜುವಾಗ ಉಜ್ಜುಕಾಗದದ ನಂಬರ್ 120, 220, 400 ಹೀಗೆ ಹೋಗಿ, ಕೊನೆಗೆ ನೀರು ಹಾಕಿ 600ರ ವಾಟರ್ ಪೇಪರ್. ಪ್ರೈಮರ್ ಮೇಲೆ ಬೇರೆ ಬಣ್ಣವನ್ನು ಮಂಜಿನಂತೆ ಸಿಂಪಡಿಸಿ ಉಜ್ಜಿದರೆ ತಗ್ಗಿನಲ್ಲಿ ಆ ಬಣ್ಣ ಉಳಿದುಕೊಳ್ಳುತ್ತದೆ. ಕೈಗೆ ಸಿಗದ ಗುಂಡಿಗಳೂ ಆಗ ಸಿಕ್ಕಿಬೀಳುತ್ತವೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಎಡ ಬಲ ಎರಡೂ ಒಂದೇ ಸಮ ಮಾಡುವ ಹಟ ಬೇಡ. ವೇಡರ್‌ನ ಮೊದಲ ಮುಖವಾಡವನ್ನು ಬ್ರಯನ್ ಮ್ಯೂರ್ ಅನ್ನುವ ಶಿಲ್ಪಿ ಜೇಡಿಮಣ್ಣಿನಲ್ಲಿ ಕೈಯಿಂದ ಮಾಡಿದರು. ಅದರ ಎರಡು ಬದಿ ತದ್ರೂಪು ಇಲ್ಲ. ಸ್ಟಾರ್ಮ್‌ಟ್ರೂಪರ್ ಸೈನಿಕರ ಹೆಲ್ಮೆಟ್‌ಗಳ ಕೆನ್ನೆಯ ನೀಲಿ ಗೆರೆಗಳನ್ನೂ ಕೈಯಲ್ಲೇ ಬರೆದಿದ್ದರು. ಆ ಸಣ್ಣ ಏರುಪೇರಿನಿಂದಲೇ ಅದಕ್ಕೆ ಜೀವ ಬಂದಿದೆ. ಅಂಗಡಿಯ ಹೆಲ್ಮೆಟ್‌ನಲ್ಲಿ ಅಂಟಿಸಿದ ಸ್ಟಿಕ್ಕರ್ ಕಿತ್ತು, ಬ್ರಷ್ ಹಿಡಿದು ಗೆರೆ ನೀವೇ ಬರೆಯಿರಿ. ಕೈ ಸ್ವಲ್ಪ ನಡುಗಿದರೂ ಪರವಾಗಿಲ್ಲ.

ವೇಡರ್ ಹೆಲ್ಮೆಟ್‌ನಲ್ಲಿ ಮೇಲಿನ ಟೋಪಿ ಭಾಗ ಎಷ್ಟು ಕೆಳಗೆ ಕೂರುತ್ತದೆ ಅನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಅದು ಒಂದು ಬೆರಳು ಮೇಲಿದ್ದರೂ ಸಾಕು, ಹುಬ್ಬೇರಿಸಿ ಆಶ್ಚರ್ಯಪಟ್ಟ ಮುಖ ಆಗಿಬಿಡುತ್ತದೆ. ಟೋಪಿಯ ಅಂಚಿನ ನೆರಳು ಕಣ್ಣಿನ ಮೇಲೆ ಬೀಳಬೇಕು. ಆ ಕೋಪ ಇರುವುದು ಆ ನೆರಳಿನಲ್ಲಿ. ಒಳಗಿನ ಸ್ಪಂಜು ತೆಳ್ಳಗೆ ಮಾಡಿ ಇಳಿಸಿ ನೋಡಿ. ಕಾಸು ಖರ್ಚಿಲ್ಲದ ಕೆಲಸ.

ಇಷ್ಟಾದ ಮೇಲೆ ಬಣ್ಣ. ವೇಡರ್ ಪೂರ್ತಿ ಕಪ್ಪು ಅಂತ ನಾವು ಅಂದುಕೊಂಡಿರುತ್ತೇವೆ. 1977ರ ಮುಖವಾಡದಲ್ಲಿ ಹೊಳೆಯುವ ಕಪ್ಪಿನ ಜೊತೆ ಬಂದೂಕಿನ ಲೋಹದಂಥ ಬೂದು ಬಣ್ಣವೂ ಇದೆ. ಅದು ಇರುವುದರಿಂದ ಕೆನ್ನೆಯ ಒಂದೊಂದು ಮಟ್ಟವೂ ಬೇರೆ ಬೇರೆಯಾಗಿ ಕಾಣುತ್ತದೆ. ತೆಳು ಕೋಟ್ ಹೊಡೆಯಿರಿ, 25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ. ಮಳೆ ದಿನ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲ್ಯಾಕರ್ ಅನ್ನುವ ಬಗೆಯ ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಎನಾಮಲ್ ಅನ್ನುವ ಇನ್ನೊಂದು ಬಗೆಯ ಬಣ್ಣದ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಬಣ್ಣ ಸುಕ್ಕಾಗುತ್ತದೆ, ಹಾಗಾಗಿ ಪ್ರೈಮರ್‌ನಿಂದ ಕೊನೆಯ ಕೋಟ್‌ವರೆಗೆ ಒಂದೇ ಬಗೆಯದು ತೆಗೆದುಕೊಳ್ಳಿ. ಉಜ್ಜುವಾಗ ಧೂಳಿನ ಮಾಸ್ಕ್, ಸ್ಪ್ರೇ ಮಾಡುವಾಗ ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್. ಬಟ್ಟೆ ಕಟ್ಟಿಕೊಂಡರೆ ಸಾಲದು.

ಯುದ್ಧ ಕಂಡ ಹೆಲ್ಮೆಟ್ ಬೇಕಿದ್ದರೆ ಮೊದಲು ಬೆಳ್ಳಿ ಬಣ್ಣ ಹೊಡೆದು ಒಣಗಿಸಿ. ಬಣ್ಣ ಹಾರಿಹೋಗಬೇಕಾದ ಕಡೆ ಮಾಸ್ಕಿಂಗ್ ದ್ರವ ಚುಕ್ಕೆ ಚುಕ್ಕೆಯಾಗಿ ಹಚ್ಚಿ, ಮೇಲೆ ನಿಜವಾದ ಬಣ್ಣ ಹೊಡೆಯಿರಿ. ಒಣಗಿದ ಮೇಲೆ ಉಗುರಿನಿಂದ ಕಿತ್ತರೆ ಕೆಳಗಿನ ಲೋಹ ಕಾಣುತ್ತದೆ. ಎಲ್ಲಿ ಹಚ್ಚಬೇಕು ಅನ್ನುವುದೇ ಇಲ್ಲಿ ಮುಖ್ಯ. ಸುಮ್ನೆ ಎಲ್ಲ ಕಡೆ ಗೀಚಿದರೆ ನಂಬಿಕೆ ಬರುವುದಿಲ್ಲ. ತೆಗೆಯುವಾಗ ಕೈ ಹಿಡಿಯುವ ಅಂಚು, ನೆಲಕ್ಕೆ ತಾಗುವ ತುದಿ, ಹೊರಗೆ ಚಾಚಿದ ಮೂಲೆ, ಸವೆಯುವುದು ಅಲ್ಲಿ. ಕೊಳೆ ನಿಲ್ಲುವುದು ತಗ್ಗಿನಲ್ಲಿ. ನೀರಾಗಿಸಿದ ಕಂದು ಅಕ್ರಿಲಿಕ್ ಬಳಿದು ಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ.

ಇದನ್ನು ಹಾಕಿಕೊಂಡು ದಯವಿಟ್ಟು ಗಾಡಿ ಓಡಿಸಬೇಡಿ. ಇದು ತಲೆ ಕಾಯುವುದಿಲ್ಲ, ಅಕ್ಕಪಕ್ಕ ಕಾಣುವುದೂ ಇಲ್ಲ. ನಿಜವಾದ ಬೈಕ್ ಹೆಲ್ಮೆಟ್ಟನ್ನು ಕೊರೆದು ವೇಷದ ಹೆಲ್ಮೆಟ್ ಮಾಡಿ, ಮತ್ತೆ ಅದನ್ನೇ ರಸ್ತೆಗೆ ತರುವುದೂ ಬೇಡ. ತೂತು ಬಿದ್ದರೆ ಚಿಪ್ಪಿನ ಬಲ ಹೋಗುತ್ತದೆ. ಪೇಂಟ್‌ನಲ್ಲಿರುವ ದ್ರಾವಕಗಳು ಕಣ್ಣಿಗೆ ಕಾಣದ ಬಿರುಕು ತರಬಲ್ಲವು.

ಒಳಗೆ ಕಂಪ್ಯೂಟರಿನ 40 ಮಿಲಿಮೀಟರ್ ಫ್ಯಾನ್ ಒಂದನ್ನು ಹಣೆಯ ಹತ್ತಿರ ಕೂರಿಸಿ, ಲೆನ್ಸ್ ಮೇಲೆ ಗಾಳಿ ಹಾಯುವಂತೆ ಮಾಡಿದರೆ ಉಸಿರಿನ ಮಂಜು ಕಟ್ಟುವುದಿಲ್ಲ. ಎಲ್ಲ ಮುಗಿದ ಮೇಲೆ ಒಂದು ವಾರವಾದರೂ ಗಾಳಿಯಾಡುವ ಕಡೆ ಹಾಗೇ ಇಡಿ. ಮುಟ್ಟಿದರೆ ಒಣಗಿದೆ ಅನ್ನಿಸುವ ಬಣ್ಣ ಒಳಗಿನ್ನೂ ಹಸಿ ಇರುತ್ತದೆ. ಆಗ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಪ್ರತಿ ಗುಳ್ಳೆಯ ಗುರುತೂ ಹೊಳಪಿನ ಮೇಲೆ ಅಚ್ಚಾಗಿ ಕೂರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ.