ಹತ್ತಿ ಸೋಕಿದರೂ ನೋವು: ಹೈಪರೆಸ್ತೇಶಿಯಾ ಟಿಪ್ಪಣಿ

ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳೇ ಆಗಿವೆ. ಚರ್ಮ ನೋಡಲು ಸರಿಯಾಗಿಯೇ ಇದೆ. ಆದರೂ ಅಂಗಿ ಸೋಕಿದರೆ ಸಾಕು, ಆ ವ್ಯಕ್ತಿ ನೋವಿನಿಂದ ಮುದುಡಿಕೊಳ್ಳುತ್ತಾರೆ. ಈ ಪಾಠ ಓದುವಾಗ ಇಂಥವರೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಸ್ಪರ್ಶ, ನೋವು, ಬಿಸಿ, ತಂಪು ಇವುಗಳ ಅರಿವು ಇರಬೇಕಾದ್ದಕ್ಕಿಂತ ಜಾಸ್ತಿ ಆಗುವುದೇ ಹೈಪರೆಸ್ತೇಶಿಯಾ. ಇದರೊಳಗೆ ಬರುವ ಎರಡು ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ. ನೋವೇ ಆಗಬಾರದ್ದಕ್ಕೆ ನೋವಾದರೆ ಅಲೊಡೀನಿಯಾ. ನೋವಾಗುವುದು ಸಹಜ, ಆದರೆ ವಿಪರೀತ ಆಯಿತು ಅಂದರೆ ಹೈಪರಾಲ್ಜೀಸಿಯಾ. ಹತ್ತಿ ಸವರಿ ನೋವಾದರೆ ಮೊದಲನೆಯದು, ಸೂಜಿ ಮೊನೆ ತಾಗಿಸಿದಾಗ ತಡೆಯಲಾರದಷ್ಟು ನೋವಾದರೆ ಎರಡನೆಯದು.

ಕಾರಣ ಎರಡು ಕಡೆ ಇರಬಹುದು. ಗಾಯದ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಎಂಬ ರಾಸಾಯನಿಕಗಳು ಹೊರಬಂದು ನೋವಿನ ನರತುದಿಗಳನ್ನು ಕೆರಳಿಸುತ್ತವೆ. ನರತುದಿಯ ಪೊರೆಯಲ್ಲಿ ಬಾಗಿಲಿನಂತಿದ್ದು ಬಿಸಿ ಗುರುತಿಸುವ ಟಿಆರ್‌ಪಿವಿ1 ಚಾನೆಲ್ ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುತ್ತದೆ. ಉರಿಯೂತ ಇದ್ದಾಗ ಅದಕ್ಕಿಂತ ಕಡಿಮೆ ಬಿಸಿಗೇ ತೆರೆದುಬಿಡುತ್ತದೆ. ಬಿಸಿಲಿಗೆ ಸುಟ್ಟ ಬೆನ್ನಿಗೆ ಉಗುರುಬೆಚ್ಚಗಿನ ನೀರೂ ಚುರುಕ್ ಅನ್ನುತ್ತದೆ ಅಲ್ವಾ, ಅದು ಇದರಿಂದಲೇ.

ಇನ್ನೊಂದು ಕಡೆ ಬೆನ್ನುಹುರಿ. ನನ್ನ ಪ್ರಕಾರ ಪಾಠದ ಜೀವ ಇರುವುದು ಇಲ್ಲಿ. ನೋವಿನ ಸಂಕೇತ ಬಿಡದೆ ಬರುತ್ತಿದ್ದರೆ ಅಲ್ಲಿನ ನರಕೋಶಗಳ ಮೇಲೆ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳಿಗೆ ಅಡ್ಡವಾಗಿದ್ದ ಮೆಗ್ನೀಸಿಯಂ ಸರಿಯುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶ ಸಣ್ಣ ಸಂಕೇತಕ್ಕೂ ಜೋರಾಗಿ ಸ್ಪಂದಿಸತೊಡಗುತ್ತದೆ. ಆಮೇಲೆ ಬರೀ ಸ್ಪರ್ಶ ತಿಳಿಸುವ ಎ-ಬೀಟಾ ನರತಂತುಗಳ ಸಂಕೇತವೂ ನೋವಿನ ದಾರಿಯನ್ನೇ ಹಿಡಿಯುತ್ತದೆ. ಅಂದರೆ ಅಂಗಿ ತಾಗಿದ್ದು ಸ್ಪರ್ಶವೇ, ಆದರೆ ಮಿದುಳಿಗೆ ಮುಟ್ಟಿದ್ದು ನೋವು. ಇದನ್ನು ಸೆಂಟ್ರಲ್ ಸೆನ್ಸಿಟೈಸೇಶನ್ ಅನ್ನುತ್ತಾರೆ. 1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ ಇದಕ್ಕೆ ಪುರಾವೆ ಪ್ರಕಟಿಸಿದರು. ಹಾಗಾಗಿ "ಚರ್ಮ ಚೆನ್ನಾಗಿದೆ, ಸುಮ್ನೆ ಹೇಳುತ್ತಿದ್ದಾರೆ" ಅನ್ನುವುದು ತಪ್ಪು.

ಸಕ್ಕರೆ ಕಾಯಿಲೆಯ ನರಹಾನಿ, ಮೈಗ್ರೇನ್, ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಔಷಧಿ ಇವುಗಳಲ್ಲೂ ಹೈಪರೆಸ್ತೇಶಿಯಾ ಕಾಣುತ್ತದೆ. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣನೆಯ ಲೋಟ ಹಿಡಿಯುವುದೂ ಕಷ್ಟವಾಗಬಹುದು. ನರದ ನೋವಿಗೆ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಕೊಡುತ್ತಾರೆ. ಸರ್ಪಸುತ್ತಿನ ನಂತರದ ನೋವಿಗೆ ಚರ್ಮ ಮರಗಟ್ಟಿಸುವ ಲಿಡೋಕೇಯ್ನ್ ಪಟ್ಟಿಯನ್ನೂ ಅಂಟಿಸುತ್ತಾರೆ.

ಪರೀಕ್ಷೆ ಮಾಡುವಾಗ ಮೊದಲು ನೋವಿಲ್ಲದ ಕಡೆ ಹತ್ತಿ ಸವರಿ ತೋರಿಸಿ. ಮುಟ್ಟುವ ಮುಂಚೆ ಹೇಳಿ. ನೋವಿನ ಜಾಗಕ್ಕೆ ಹೊರಗಿನಿಂದ ನಿಧಾನವಾಗಿ ಬನ್ನಿ, ಅವರು "ಇಲ್ಲಿ" ಅಂದ ಕೂಡಲೇ ಕೈ ನಿಲ್ಲಿಸಿ.