ಪಾಸಿಂಗ್ ಪ್ಯಾಕೇಜ್ ಲಿಸ್ಟಲ್ಲಿರೋ ಮಕ್ಕಳು: ಹೈಸ್ಕೂಲ್ ಮೇಷ್ಟ್ರುಗಳ ಟ್ರೈನಿಂಗ್ ಬಗ್ಗೆ

ವಿಶೇಷ ಅಗತ್ಯ ಇರೋ ಮಕ್ಕಳಿಗೆ ಪಾಠ ಮಾಡೋದು ಹೇಗೆ ಅನ್ನೋ ಟ್ರೈನಿಂಗ್‌ಗೆ ಬಂದ ಹೈಸ್ಕೂಲ್ ಟೀಚರ್‌ಗಳ ಕೈಗೆ ನಾನು ಮೊದಲು ಕೊಡೋದು ಒಂದು ಖಾಲಿ ಹಾಳೆ. ನಿಮ್ಮ ಕ್ಲಾಸಲ್ಲಿ ವಿಶೇಷ ಅಗತ್ಯ ಇರೋ ಮಕ್ಕಳು ಯಾರ್ಯಾರಿದಾರೆ ಬರೀರಿ ಅಂತೀನಿ. ಸುಮಾರು ಹಾಳೆ ಖಾಲಿನೇ ವಾಪಸ್ ಬರುತ್ತೆ, "ನಮ್ ಶಾಲೇಲಿ ಅಂಥೋರು ಯಾರೂ ಇಲ್ಲ ಮೇಡಂ" ಅಂತಾರೆ, ಉಳಿದೋರು ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿರೋ ಒಬ್ಬ ಹುಡುಗನ ಹೆಸರೋ ಗಾಲಿಕುರ್ಚೀಲಿ ಬರೋ ಹುಡುಗಿ ಹೆಸರೋ ಬರೆದಿರ್ತಾರೆ. ಆಮೇಲೆ ಕೇಳ್ತೀನಿ, ಸರಿ, ನಿಮ್ಮ ಪಾಸಿಂಗ್ ಪ್ಯಾಕೇಜ್ ಲಿಸ್ಟಲ್ಲಿ, ಅಂದ್ರೆ ಪಾಸಾದ್ರೆ ಸಾಕು ಅಂತ ಆಯ್ದ ಕೆಲವು ಪ್ರಶ್ನೆ ಮಾತ್ರ ಕಲಿಸೋ ಮಕ್ಕಳ ಲಿಸ್ಟಲ್ಲಿ, ಯಾರಿದಾರೆ ಅದನ್ನ ಬರೀರಿ. ಪೆನ್ನು ಓಡೋಕೆ ಶುರುವಾಗುತ್ತೆ, ಹತ್ತು, ಹದಿನೈದು ಹೆಸರು, ಒಂದೊಂದು ಶಾಲೇದು ಇನ್ನೂ ಜಾಸ್ತಿ.

ಆ ಲಿಸ್ಟಲ್ಲಿ ಇರೋರೆಲ್ಲರಿಗೂ ಅಂಗವೈಕಲ್ಯ ಇದೆ ಅಂತ ನಾನು ಹೇಳ್ತಿಲ್ಲ. ಶಾಲೆ ತಪ್ಪಿಸಿ ಕೂಲಿಗೆ ಹೋಗೋ ಹುಡುಗನೂ ಅಲ್ಲೇ ಇರ್ತಾನೆ. ಆದ್ರೆ ಅರ್ಧಂಬರ್ಧ ಕಿವಿ ಕೇಳೋ ಹುಡುಗಿ, ಬೋರ್ಡ್ ಮೇಲಿನ ಅಕ್ಷರ ಮಂಜು ಮಂಜಾಗಿ ಕಾಣೋನು, ಬುದ್ಧಿ ಚುರುಕಾಗೇ ಇದ್ದರೂ ಓದೋಕೆ ಮಾತ್ರ ಆಗದೋನು, ಇವರನ್ನೆಲ್ಲ ಯಾರೂ ಗುರುತಿಸದೆ ಸೋಮಾರಿ, ದಡ್ಡ, ಗಮನ ಕೊಡಲ್ಲ ಅಂತ ಹೆಸರಿಟ್ಟು ಸೇರಿಸಿರೋದು ಆ ಲಿಸ್ಟಿಗೇ. ಅದಕ್ಕೇ ನಾನು ಟ್ರೈನಿಂಗ್ ಶುರು ಮಾಡೋದು ಅಲ್ಲಿಂದ.

ಮುಂಚೆ ನಾನೂ ಬೇರೆ ಥರ ಮಾಡ್ತಿದ್ದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೇಳಿದಾರಲ್ಲ, ಒಂದೊಂದಕ್ಕೂ ಎರಡೆರಡು ಸ್ಲೈಡು, ಲಕ್ಷಣ, ಕಾರಣ, ವಿಧ. ಮಧ್ಯಾಹ್ನ ಊಟ ಆದ್ಮೇಲೆ ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆಗೆ ಬರೋ ಹೊತ್ತಿಗೆ ಗಣಿತದ ಮೇಷ್ಟ್ರು ಕಣ್ಣು ಮುಚ್ಚಿರೋರು. ಅವರ ತಪ್ಪಿಲ್ಲ, ಮಾರನೇ ದಿನ ಬೆಳಗ್ಗೆ ಮೊದಲನೇ ಪೀರಿಯಡ್ಡಲ್ಲಿ ತ್ರಿಕೋನಮಿತಿ ಮಾಡೋವಾಗ ಆ 21 ಹೆಸರಲ್ಲಿ ಒಂದೂ ಅವರ ಕೈ ಹಿಡಿಯಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸೋ ಆಟವನ್ನೂ ಆಡಿಸ್ತಿದ್ದೆ, ಅದನ್ನೂ ಬಿಟ್ಟೆ. ಅದರಿಂದ ಟೀಚರ್‌ಗಳಿಗೆ ಅಯ್ಯೋ ಪಾಪ ಅನ್ನಿಸ್ತಿತ್ತೇ ಹೊರತು, ಆ ಮಗು ಹೇಗೆ ಕಲಿಯುತ್ತೆ ಅನ್ನೋದು ತಿಳೀತಿರಲಿಲ್ಲ. ವರ್ಷಗಟ್ಟಲೆ ಕಣ್ಣು ಕಾಣದೆ ಬದುಕಿ ಅಭ್ಯಾಸ ಆಗಿರೋ ಹುಡುಗನಿಗೂ ಐದು ನಿಮಿಷ ಬಟ್ಟೆ ಕಟ್ಟಿಸ್ಕೊಂಡು ಗಾಬರಿ ಬಿದ್ದ ಮೇಷ್ಟ್ರಿಗೂ ಏನು ಹೋಲಿಕೆ.

ಹೈಸ್ಕೂಲಿನ ಕಷ್ಟಾನೇ ಬೇರೆ. ಪ್ರೈಮರೀಲಿ ಟೀಚರ್ ಹೆಚ್ಚು ಹೊತ್ತು ಅದೇ ಮಕ್ಕಳ ಜೊತೆ ಇರ್ತಾರೆ, ಯಾವ ಮಗು ಎಲ್ಲಿ ತಡವರಿಸುತ್ತೆ ಅಂತ ಗೊತ್ತಾಗುತ್ತೆ. ಎಂಟನೇ ಕ್ಲಾಸಿಗೆ ಬಂದ್ರೆ ಆರೇಳು ಜನ ಮೇಷ್ಟ್ರು, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆಯೂ ಸಿಗಲ್ಲ, ಇಂಗ್ಲಿಷ್ ಟೀಚರ್ ಗಮನಿಸಿದ್ದು ವಿಜ್ಞಾನದ ಟೀಚರ್‌ಗೆ ಗೊತ್ತಿರಲ್ಲ, ಎಲ್ಲರ ತಲೆ ಮೇಲೂ ರಿಸಲ್ಟಿನ ಭಾರ. ಜೊತೆಗೆ ಅಷ್ಟೊತ್ತಿಗೆ ಮಗು ತನ್ನ ಕಷ್ಟ ಮುಚ್ಚಿಡೋದನ್ನ ಚೆನ್ನಾಗಿ ಕಲಿತುಬಿಟ್ಟಿರುತ್ತೆ. ಹದಿಮೂರು ವರ್ಷದ ಹುಡುಗ ನನಗೆ ಓದೋಕೆ ಬರಲ್ಲ ಅಂತ ಹೇಳಲ್ಲ, ಅದರ ಬದಲು ಪಕ್ಕದವನ ಜೊತೆ ಜಗಳ ತೆಗೆದು ಹೊರಗೆ ನಿಲ್ತಾನೆ.

ಇಲ್ಲಿ ನಾನು ಟೀಚರ್‌ಗಳಿಗೆ ಹೇಳೋದು ಒಂದೇ ಹುಡುಗನ ಎರಡು ನೋಟ್‌ಬುಕ್ ಪಕ್ಕ ಪಕ್ಕ ಇಟ್ಟು ನೋಡಿ ಅಂತ. ಬೋರ್ಡ್ ನೋಡಿ ಬರ್ಕೊಂಡಿದ್ದು ಒಂದು, ಸ್ವಂತವಾಗಿ ಬರೆದಿದ್ದು ಒಂದು. ಮೊದಲನೇದು ಮುತ್ತು ಪೋಣಿಸಿದ ಹಾಗಿದ್ದು ಎರಡನೇದರಲ್ಲಿ ನಾಲ್ಕು ಸಾಲೂ ಇಲ್ಲ ಅಂದ್ರೆ ಅವನು ಬರೀತಿಲ್ಲ, ಚಿತ್ರ ಬಿಡಿಸ್ತಿದಾನೆ. ಎರಡನೇದರಲ್ಲಿ ಎಂಥ ತಪ್ಪು ಅಂತ ನೋಡಿ. ಒತ್ತಕ್ಷರ ಬಿಟ್ಟೇ ಹೋಗೋದು, ಅಥವಾ ಒತ್ತು ಇನ್ಯಾವುದೋ ಅಕ್ಷರದ ಕೆಳಗೆ ಹೋಗಿ ಕೂರೋದು, ಮ ಇರೋ ಕಡೆ ವು, ಥ ಇರೋ ಕಡೆ ಧ, ಕೊಂಬು ದೀರ್ಘ ಎರಡೂ ಮಾಯ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ರೆ, ಹಾಲು ಆಲು ಆದ್ರೆ, ಅದನ್ನ ಮಾತ್ರ ಹಿಡ್ಕೊಂಡು ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹ ಕಲಿಯೋದರಲ್ಲೇ ಇರೋ ತೊಂದರೆ, ಅನ್ಬೇಡಿ, ನಮ್ಮೂರುಗಳಲ್ಲಿ ಮಾತಾಡೋದೇ ಹಾಗೆ. ಮನೇಲಿ ಉರ್ದು, ತೆಲುಗು, ಲಂಬಾಣಿ ಮಾತಾಡೋ ಮಗು ಆದ್ರೆ ಇನ್ನೂ ತಾಳ್ಮೆ ಬೇಕು. ಕನ್ನಡದ ಕಾಗುಣಿತ, ಒತ್ತು ಎಲ್ಲಾ ಸೇರಿ ಕಲಿಯೋ ಚಿಹ್ನೆಗಳು ನೂರಾರು, ಅದು ಪೂರ್ತಿ ಕೈಗೆ ಹತ್ತೋಕೆ ತೊಂದರೆ ಇಲ್ಲದ ಮಕ್ಕಳಿಗೇ ನಾಲ್ಕೈದನೇ ಕ್ಲಾಸ್ ಆಗುತ್ತೆ. ಆದ್ರೆ ಒಂಬತ್ತನೇ ಕ್ಲಾಸಲ್ಲೂ ಸಿಕ್ಕಿಲ್ಲ, ಬಾಯಲ್ಲಿ ಕೇಳಿದ್ರೆ ಮಾತ್ರ ಉತ್ತರ ಪಟಪಟ ಹೇಳ್ತಾನೆ ಅಂದ್ರೆ ಅಲ್ಲಿ ನಿಲ್ಲಿ. ರೋಗ ಹೆಸರಿಸೋದು ನಿಮ್ಮ ಕೆಲಸ ಅಲ್ಲ, ಗಮನಿಸಿದ್ದನ್ನ ಬರೆದು ಬಿಐಇಆರ್‌ಟಿಗೆ, ಅಂದ್ರೆ ತಾಲೂಕಿನ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ, ಕೊಡೋದು ನಿಮ್ಮ ಕೆಲಸ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪಲ್ಲಿ ಇದಕ್ಕೇ ಅಂತ ಚೆಕ್‌ಲಿಸ್ಟ್ ಇದೆ, ಮೊದಲನೇ ಭಾಗ ಕ್ಲಾಸ್ ಟೀಚರ್ ತುಂಬೋಕೇ ಮಾಡಿರೋದು. ಮುಂದಿನ ತಪಾಸಣೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿವೆ, ಕನ್ನಡದಲ್ಲೇ ಮಾಡೋ ಹಾಗೆ ಡಾಲಿ ಅನ್ನೋ ಪರೀಕ್ಷೆನೂ ಇದೆ. ಇಂಗ್ಲಿಷಲ್ಲಿ ಪರೀಕ್ಷೆ ಮಾಡಿ ಕನ್ನಡ ಮೀಡಿಯಂ ಹುಡುಗನಿಗೆ ಹಣೆಪಟ್ಟಿ ಅಂಟಿಸೋದು ಅನ್ಯಾಯ. 2016ರ ಕಾಯ್ದೆಯ 16ನೇ ಸೆಕ್ಷನಲ್ಲಿ ಕಲಿಕಾ ನ್ಯೂನತೆಯನ್ನ ಆದಷ್ಟು ಬೇಗ ಪತ್ತೆ ಹಚ್ಚಬೇಕು ಅಂತ ಹೇಳಿರೋದು ಶಾಲೆಗಳಿಗೆ, ಆಸ್ಪತ್ರೆಗಲ್ಲ. ಇದನ್ನ ಓದಿ ಹೇಳಿದಾಗ ಸುಮಾರು ಹೆಚ್‌ಎಂಗಳೇ ಹೌದಾ ಅಂತಾರೆ.

ಕಿವಿ ವಿಷಯಕ್ಕೆ ಬಂದ್ರೆ, ಒಂದು ಶಾಲೇಲಿ ಹಿಯರಿಂಗ್ ಏಡ್ ಹಾಕಿದ ಹುಡುಗಿ ಮೊದಲನೇ ಬೆಂಚಲ್ಲೇ ಕೂತಿದ್ಲು. ಟೀಚರ್ ಹೆಮ್ಮೆಯಿಂದ ತೋರಿಸಿದ್ರು. ಆಮೇಲೆ ಪಾಠ ಶುರು ಮಾಡಿ ಬೋರ್ಡ್ ಕಡೆ ತಿರುಗಿ ಬರೀತಾ ಬರೀತಾ ವಿವರಿಸಿದ್ರು, ಕೊನೇಲಿ ಓಡಾಡ್ತಾ ನೋಟ್ಸ್ ಡಿಕ್ಟೇಟ್ ಮಾಡಿದ್ರು. ಆ ಹುಡುಗಿ ಪಕ್ಕದವಳ ಪುಸ್ತಕ ನೋಡಿ ಬರ್ಕೊಳ್ತಿದ್ಲು, ಟೀಚರ್‌ಗೆ ಅದು ಕಾಪಿ ಹೊಡೆಯೋ ಚಟದ ಥರ ಕಾಣಿಸ್ತು. ಕನ್ನಡಕ ಹಾಕಿದ್ರೆ ಕಣ್ಣು ಸರಿಹೋಗೋ ಹಾಗೆ ಹಿಯರಿಂಗ್ ಏಡ್ ಹಾಕಿದ್ರೆ ಕಿವಿ ಸರಿಹೋಗುತ್ತೆ ಅಂತ ಎಲ್ರೂ ಅನ್ಕೊಳೋದು, ಆದ್ರೆ ಆ ಮೆಷಿನ್ನು ನಿಮ್ಮ ಮಾತಿನ ಜೊತೆ ಫ್ಯಾನಿನ ಸದ್ದು, ಬೆಂಚು ಎಳೆಯೋ ಸದ್ದು, ಶೀಟಿನ ಮೇಲೆ ಬೀಳೋ ಮಳೆ ಎಲ್ಲವನ್ನೂ ದೊಡ್ಡದು ಮಾಡುತ್ತೆ. ಅದಕ್ಕೆ ಮಗು ತುಟಿ ನೋಡುತ್ತೆ. ತುಟಿ ನೋಡ್ತಾ ಬರೆಯೋಕೆ ಆಗಲ್ಲ, ಬರೀತಾ ತುಟಿ ನೋಡೋಕೆ ಆಗಲ್ಲ.

ಟ್ರೈನಿಂಗಲ್ಲಿ ಇದನ್ನ ಹೀಗೆ ಮಾಡಿಸ್ತೀನಿ. ನಾನು ದನಿ ಹೊರಡಿಸದೆ ಒಂದು ಪ್ಯಾರಾ ಪಾಠ ಹೇಳ್ತೀನಿ, ಅವರು ನೋಟ್ಸ್ ತಗೋಬೇಕು. ಆಮೇಲೆ ಬರೀ ತುಟಿಯಲ್ಲಿ ಮೂರು ಪದ, ಪಡಿ, ಬಡಿ, ಮಡಿ. ಯಾವುದು ಮೊದಲು ಹೇಳಿದೆ ಅಂತ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ, ಯಾಕಂದ್ರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ. ಕಣ್ಣಿಗೆ ಬಟ್ಟೆ ಕಟ್ಟೋದನ್ನ ಬಿಟ್ಟೋಳು ಇದನ್ನ ಯಾಕೆ ಉಳಿಸ್ಕೊಂಡೆ ಅಂದ್ರೆ, ಇದು ಮುಗಿಯೋ ಹೊತ್ತಿಗೆ ಟೀಚರ್ ಏನು ಬದಲಾಯಿಸ್ಕೋಬೇಕು ಅನ್ನೋದು ಅವರಿಗೇ ಹೊಳೆಯುತ್ತೆ. ಮಕ್ಕಳ ಕಡೆ ಮುಖ ಮಾಡಿ ಹೇಳೋದು, ಹೇಳಿ ನಿಲ್ಲಿಸಿ ಆಮೇಲೆ ಬರೆಯೋಕೆ ಬಿಡೋದು, ಹೊಸ ಪದ ಬಂದ್ರೆ ಮೊದಲು ಬೋರ್ಡ್ ಮೇಲೆ ಬರೆಯೋದು, ನೋಟ್ಸ್ ಆದಷ್ಟು ಜೆರಾಕ್ಸ್ ಕೊಡೋದು.

ಗಣಿತದವರಿಗೆ ಬೇರೆ ಹೋಂವರ್ಕ್. ನಿಮ್ಮದೇ ಕ್ಲಾಸನ್ನ ಹತ್ತು ನಿಮಿಷ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಮನೇಲಿ ಬೋರ್ಡ್ ಇಲ್ಲದೆ ಕೇಳಿ, ಇದು, ಅದು, ಇಲ್ಲಿ, ಅಲ್ಲಿ ಎಷ್ಟು ಸಲ ಬಂತು ಎಣಿಸಿ. "ಇದನ್ನ ಇಲ್ಲಿ ತಂದ್ರೆ ಅದು ಹೋಗಿ ಇದು ಉಳಿಯುತ್ತೆ", ಕಣ್ಣು ಕಾಣದ ಹುಡುಗ ಇದರಲ್ಲಿ ಏನು ಹಿಡೀಬೇಕು ಹೇಳಿ. ಇನ್ನೊಂದು, "ಎ ಪ್ಲಸ್ ಬಿ ಬೈ ಸಿ" ಅಂದ್ರೆ ಸಿ ಬರೀ ಬಿಗೆ ಕೆಳಗಿದೆಯೋ ಎರಡೂ ಸೇರಿಸಿ ಕೆಳಗಿದೆಯೋ? ನೋಡೋರಿಗೆ ಬೋರ್ಡ್ ಹೇಳುತ್ತೆ, ಕೇಳೋರಿಗೆ ಯಾರು ಹೇಳ್ಬೇಕು. ಒಬ್ಬ ಮೇಷ್ಟ್ರು ಹತ್ತು ನಿಮಿಷದಲ್ಲಿ 43 ಸಲ ಇದು ಅದು ಅಂದಿದೀನಿ ಮೇಡಂ ಅಂತ ಮಾರನೇ ವಾರ ಬಂದು ಹೇಳಿದ್ರು. ಈಗ ಅವರು "ಬ್ರಾಕೆಟ್ ಓಪನ್, ಎ ಪ್ಲಸ್ ಬಿ, ಬ್ರಾಕೆಟ್ ಕ್ಲೋಸ್, ಪೂರ್ತಿ ಬೈ ಸಿ" ಅಂತ ಹೇಳ್ತಾರೆ, ಅದರಿಂದ ಕಣ್ಣು ಕಾಣೋ ಮಕ್ಕಳ ತಪ್ಪುಗಳೂ ಕಮ್ಮಿ ಆಗಿವೆ ಅಂತ ಅವರೇ ಹೇಳಿದ್ರು.

ಬೌದ್ಧಿಕ ಅಂಗವೈಕಲ್ಯ ಇರೋ ಮಕ್ಕಳ ಬಗ್ಗೆ ಬರೋ ಪ್ರಶ್ನೆ ಒಂದೇ, ಅವನಿಗೆ ಹತ್ತನೇ ಕ್ಲಾಸಿನ ಪಾಠ ಹೇಗೆ ಮಾಡೋದು ಮೇಡಂ? ಪಾಠ ಅದೇ ಇರಲಿ, ಗುರಿ ಬೇರೆ ಇಡಿ. ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರದ ಪಾಠ ಇದೆಯಲ್ಲ, ಮಿಕ್ಕೋರು ಖಾತೆಗಳ ವಿಧ ಬರೀತಿರುವಾಗ ಅವನ ಕೈಗೆ ಬ್ಯಾಂಕಿನ ನಿಜವಾದ ಸ್ಲಿಪ್ ಕೊಡಿ, ಹೆಸರು, ತಾರೀಕು, ಮೊತ್ತ ತುಂಬಿ ಸಹಿ ಹಾಕಲಿ, ಪಿನ್ ನಂಬರ್ ಯಾರಿಗೂ ಹೇಳಬಾರದು ಅಂತ ಕಲೀಲಿ. ಅವನು ಕ್ಲಾಸಿನ ಒಳಗೇ ಇರ್ತಾನೆ, ಕೈಲಿ ಕೆಲಸವೂ ಇರುತ್ತೆ. ಸುಮ್ಮನೆ ಕೂರಿಸಿ ಹಾಜರಿ ಹಾಕೋದನ್ನ ಸಮನ್ವಯ ಶಿಕ್ಷಣ, ಅಂದ್ರೆ ಎಲ್ಲ ಮಕ್ಕಳೂ ಒಂದೇ ಕ್ಲಾಸಲ್ಲಿ ಕಲಿಯೋದು, ಅಂತ ಕರೆಯೋಕೆ ನನಗೆ ಮನಸ್ಸು ಒಪ್ಪಲ್ಲ.

ಈಗ ಪರೀಕ್ಷೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಹೇಳೋದು 6ರಿಂದ 14 ವರ್ಷ ಅಷ್ಟೇ, ಆದ್ರೆ 2016ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯ ಇರೋ ಮಗುವಿಗೆ 18ರ ತನಕ ಉಚಿತ ಶಿಕ್ಷಣದ ಹಕ್ಕಿದೆ, ಅಂದ್ರೆ ಹೈಸ್ಕೂಲ್ ಪೂರ್ತಿ ಅದರೊಳಗೇ ಬರುತ್ತೆ. ಲಿಖಿತ ಪರೀಕ್ಷೆಗೆ ಕೇಂದ್ರ ಸರ್ಕಾರ 2018ರ ಆಗಸ್ಟಲ್ಲಿ ಹೊರಡಿಸಿದ ಮಾರ್ಗಸೂಚೀಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಹೇಳಿತ್ತು, ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ. ಎಸ್ಸೆಸ್ಸೆಲ್ಸೀಲಿ ಸ್ಕ್ರೈಬ್, ಅಂದ್ರೆ ಮಗು ಹೇಳಿದ್ದನ್ನ ಬರೆಯೋರ, ಸೌಲಭ್ಯನೂ ಇದೆ. ಆದ್ರೆ ಶಾಲೆಗಳಿಗೆ ಇದು ನೆನಪಾಗೋದು ಹತ್ತನೇ ಕ್ಲಾಸಿನ ಕೊನೇಲಿ. ಒಂದು ಸೆಂಟರಲ್ಲಿ ನಾನೇ ನೋಡಿದ್ದು, ಹುಡುಗನಿಗೆ ಸ್ಕ್ರೈಬ್ ಸಿಕ್ಕಿದ್ದು ಪರೀಕ್ಷೆ ದಿನ ಬೆಳಗ್ಗೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಉತ್ತರ ಎಲ್ಲ ಗೊತ್ತಿತ್ತು ಅವನಿಗೆ, ಆದ್ರೆ ಬಾಯಲ್ಲಿ ಹೇಳಿ ಬರೆಸಿ ಅಭ್ಯಾಸ ಇಲ್ಲ, ಅರ್ಧ ವಾಕ್ಯ ಹೇಳ್ತಾನೆ, ಇಲ್ಲ ಇಲ್ಲ ಅದು ಹೊಡೆದಾಕು ಅಂತಾನೆ, ಆ ಹುಡುಗಿ ಹೊಡೆದಾಕಿ ಮತ್ತೆ ಬರೀತಾಳೆ, ಹೃದಯದ ಚಿತ್ರ ಹೇಗೆ ಹೇಳಿ ಬಿಡಿಸೋದು ಅಂತ ಇಬ್ಬರಿಗೂ ಗೊತ್ತಿಲ್ಲ. ಸಮಯ ಹೋಯ್ತು. ಹೊರಗೆ ಬಂದು ಅವನು ಅತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿಂದ ನಾನು ಎಲ್ಲಾ ಟ್ರೈನಿಂಗಲ್ಲೂ ಹೇಳೋದು, ಸ್ಕ್ರೈಬ್ ಬೇಕಾಗೋ ಮಗುವಿಗೆ ಎಂಟನೇ ಕ್ಲಾಸಿನ ಮೊದಲನೇ ಎಫ್‌ಎ ಕಿರುಪರೀಕ್ಷೆಯಿಂದಲೇ ಹೇಳಿ ಬರೆಸೋ ಅಭ್ಯಾಸ ಮಾಡಿಸಿ. ಹೇಳಿ ಬರೆಸೋದು ಒಂದು ವಿದ್ಯೆ, ಅದನ್ನೂ ಕಲಿಸ್ಬೇಕು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮೆಡಿಕಲ್ ಸರ್ಟಿಫಿಕೇಟಿಗೆ ಅಪ್ಪ ಅಮ್ಮ ಕೂಲಿ ಬಿಟ್ಟು ಎಷ್ಟು ಸಲ ಓಡಾಡ್ಬೇಕು ಅಂತ ಲೆಕ್ಕ ಹಾಕಿದ್ರೆ ಅದಕ್ಕೂ ಎಂಟನೇ ಕ್ಲಾಸಲ್ಲೇ ಶುರು ಮಾಡೋದು ಸರಿ.

ಟ್ರೈನಿಂಗ್ ಹೇಗಿರಬೇಕು ಅಂತ ಕೇಳಿದ್ರೆ, ಮೂರು ದಿನ ಒಟ್ಟಿಗೆ ಬೇಡ. ಒಂದು ದಿನ ಸಾಕು, ಆಮೇಲೆ ಒಂದು ತಿಂಗಳು ಅವರ ಕ್ಲಾಸಿಗೇ ನಾವು ಹೋಗಿ ಹಿಂದಿನ ಬೆಂಚಲ್ಲಿ ಕೂತು ನೋಡ್ಬೇಕು, ಆಮೇಲೆ ಇನ್ನೊಂದು ಅರ್ಧ ದಿನ ಸೇರಿ ಏನಾಯ್ತು ಹೇಳ್ಕೋಬೇಕು. ಒಂದು ಶಾಲೆಯಿಂದ ಒಬ್ಬರನ್ನ ಓಓಡಿ ಮೇಲೆ, ಅಂದ್ರೆ ಹೊರಗಿನ ಡ್ಯೂಟಿ ಅಂತ, ಕಳಿಸೋದಕ್ಕಿಂತ ಒಂದೇ ಮಗುವಿಗೆ ಪಾಠ ಮಾಡೋ ಆರೂ ಜನ ಒಂದು ಗಂಟೆ ಒಟ್ಟಿಗೆ ಕೂತ್ರೆ ಜಾಸ್ತಿ ಉಪಯೋಗ. ಸರ್ಕಾರದ ದೀಕ್ಷಾ ವೆಬ್‌ಸೈಟಲ್ಲಿ ಟೀಚರ್‌ಗಳಿಗಿರೋ ನಿಷ್ಠಾ ಕೋರ್ಸ್ ಮಾಡಿರೋರು ಬೇಕಾದಷ್ಟು ಜನ ಇದಾರೆ, ವಿಷಯ ಚೆನ್ನಾಗೇ ಇದೆ, ಆದ್ರೆ ವಿಡಿಯೋಗೆ ನಿಮ್ಮ ಕ್ಲಾಸಿನ ಹುಡುಗನ ಹೆಸರು ಗೊತ್ತಿಲ್ಲ. ಬಿ.ಎಡ್ ಎರಡು ವರ್ಷದ ಕೋರ್ಸ್ ಆದಾಗಿಂದ ಅದರಲ್ಲಿ ಸಮನ್ವಯ ಶಾಲೆ ಬಗ್ಗೆ ಒಂದು ವಿಷಯ ಸೇರಿದೆ, ಅದನ್ನೂ ಅಂಥ ಒಂದು ಮಗುವಿನ ಜೊತೆ ಕೂತು ಕಲಿತಿದ್ರೆ ನಮ್ಮ ಕೆಲಸ ಅರ್ಧ ಆಗ್ತಿತ್ತು.

ನಾವು ಎಲ್ಲಾ ಕ್ಲಾಸಿಗೂ ಹೋಗೋಕೆ ಜನ ಎಲ್ಲಿದಾರೆ ಅನ್ನೋದೂ ನಿಜ. 2021ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ಪ್ರೈಮರೀಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಿಗೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರ್ಬೇಕು ಅಂತ ಹೇಳಿದೆ, 2025ರ ಮಾರ್ಚಲ್ಲಿ ಹುದ್ದೆಗಳನ್ನ ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ನಿರ್ದೇಶನ ಕೊಟ್ಟಿದೆ. ನಾನು ಕೆಲಸ ಮಾಡೋ ತಾಲೂಕಲ್ಲಿ ವಿಶೇಷ ಶಿಕ್ಷಕರು ಅಂತ ನಾವು ಇಬ್ಬರೇ. ಹಾಗಾಗಿ ವಿಷಯ ಶಿಕ್ಷಕರು ಕಲೀಲೇಬೇಕು, ಆದ್ರೆ ಅವರು ಕಲಿತ್ರು ಅಂತ ಆ ಹುದ್ದೆಗಳನ್ನ ಕೈಬಿಡೋದನ್ನ ಯಾರೂ ಒಪ್ಪಬಾರದು, ಬ್ರೈಲ್ ಕಲಿಸೋಕೆ, ಸನ್ನೆ ಭಾಷೆಗೆ ಅದರದೇ ತರಬೇತಿ ಪಡೆದೋರೇ ಬೇಕು.

ಜೂನಲ್ಲಿ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬರ್ತಾರೆ. ಮಕ್ಕಳ ದಾಖಲೆ ಇಡೋ ಸರ್ಕಾರದ ಸ್ಯಾಟ್ಸ್ ತಂತ್ರಾಂಶದಲ್ಲಿ ಅಂಗವೈಕಲ್ಯದ ಕಾಲಂ ಇದ್ರೂ ಟಿಸಿ ಜೊತೆ ಬರದೇ ಇರೋದು ಬೇಕಾದಷ್ಟಿದೆ, ಹಳೇ ಟೀಚರ್‌ಗೆ ಮಾತ್ರ ಗೊತ್ತಿರೋದು. ಅದಕ್ಕೆ ಅಡ್ಮಿಶನ್ ಆದ ಮೊದಲ ವಾರದಲ್ಲೇ ಹಳೇ ಶಾಲೆಗೊಂದು ಫೋನ್ ಮಾಡಿ, ಈ ಮಗು ಎಲ್ಲಿ ಕೂರ್ತಿತ್ತು, ಹೇಗೆ ಉತ್ತರ ಹೇಳ್ತಿತ್ತು, ಏನು ಕಂಡ್ರೆ ಇಷ್ಟ, ಇಷ್ಟು ಕೇಳಿ ಅಂತ ಹೇಳಿದ್ದೆ. ಹೋದ ವರ್ಷ ಒಬ್ಬ ಕನ್ನಡ ಟೀಚರ್ ಹಾಗೆ ಫೋನ್ ಮಾಡಿದ್ದಕ್ಕೆ ಆ ಕಡೆಯಿಂದ ಪ್ರೈಮರಿ ಮೇಡಂ ಅಂದ್ರಂತೆ, "ಅವನಿಗೆ ಬಲಗಡೆ ಕಿವಿ ಕೇಳಲ್ಲ ಸರ್, ಎಡಗಡೆ ನಿಂತ್ಕೊಂಡು ಮಾತಾಡಿ, ಯಾರೂ ಕೇಳಲಿಲ್ಲ ಅದಕ್ಕೆ ನಾನು ಹೇಳಿರಲಿಲ್ಲ."