ಅಮ್ಮನೇ ಥೆರಪಿಸ್ಟ್ ಆದಾಗ

ಸುರತ್ಕಲ್ ಕಡೆಯಿಂದ ಬಂದ ತಾಯಿಯೊಬ್ಬರು ಕಳೆದ ವರ್ಷ ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದಿಟ್ಟರು. ಗೆರೆ ಎಳೆದು ಅಂಕಣ ಮಾಡಿದ ಪುಟಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಒಂಬತ್ತರವರೆಗಿನ ಪ್ರತಿ ಅರ್ಧ ಗಂಟೆಯ ಲೆಕ್ಕವಿತ್ತು: ಮಗ ಎಷ್ಟು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಹೆಸರು ಕರೆದಾಗ ಎಷ್ಟು ಸಲ ತಿರುಗಿದ, ಬಣ್ಣದ ಕಾರ್ಡುಗಳಲ್ಲಿ ಎಷ್ಟನ್ನು ಸರಿಯಾಗಿ ತೋರಿಸಿದ. ಹುಡುಗನಿಗೆ ಆರು ವರ್ಷ. ಆಟಿಸಂ ಇದೆಯೆಂದು ಗೊತ್ತಾಗಿದ್ದು ಮೂರರಲ್ಲಿ. ನಮ್ಮ ತರಬೇತಿಯ ವಿದ್ಯಾರ್ಥಿಗಳಿಗೆ ತೋರಿಸಬಹುದಾದಷ್ಟು ಅಚ್ಚುಕಟ್ಟಾದ ದಾಖಲೆ ಅದು. ಆದರೆ ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟುತ್ತಾ ಅವರು ಕೇಳಿದ ಪ್ರಶ್ನೆ ಆ ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ: "ಅವನಿಗೆ ನನ್ನ ಮೇಲೆ ಪ್ರೀತಿ ಉಂಟಾ, ಡಾಕ್ಟ್ರೇ?" ನಾನು ಮನಃಶಾಸ್ತ್ರಜ್ಞೆ, ವೈದ್ಯೆಯಲ್ಲ, ಆದರೆ ಮಂಗಳೂರಿನಲ್ಲಿ ಬಿಳಿ ಗೋಡೆಯ ಕೋಣೆಯಲ್ಲಿ ಕುಳಿತವರೆಲ್ಲರೂ ಡಾಕ್ಟ್ರೇ. ಇಲ್ಲಿ ಹೇಳುವ ಕುಟುಂಬಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಈ ಪ್ರಶ್ನೆಯನ್ನು ಬದಲಿಸಿಲ್ಲ.

ಯಾವ ಉದ್ದೇಶವೂ ಇಲ್ಲದೆ ನೀವಿಬ್ಬರೂ ಸುಮ್ಮನೆ ಜೊತೆಯಲ್ಲಿ ಕುಳಿತು ಎಷ್ಟು ದಿನವಾಯಿತು ಎಂದು ನಾನು ಅವರನ್ನು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಹಾಗೆ ಕೂತರೆ ಟೈಮ್ ಹಾಳಾಗ್ತದಲ್ಲ" ಎಂದರು. ಅದು ಅವರ ತಪ್ಪಲ್ಲ. ಮೊದಲ ಐದು ವರ್ಷ ಕಳೆದರೆ ಎಲ್ಲವೂ ಮುಗಿಯಿತು ಎಂಬ ಭಯವನ್ನು ನಮ್ಮ ಕ್ಷೇತ್ರದವರೇ ಹಂಚಿದ್ದೇವೆ. ಶೀಘ್ರ ಮಧ್ಯಪ್ರವೇಶದಿಂದ, ಅಂದರೆ ಚಿಕ್ಕಂದಿನಲ್ಲೇ ತರಬೇತಿ ಶುರು ಮಾಡುವುದರಿಂದ, ಪ್ರಯೋಜನವಿದೆ ಎಂಬುದು ನಿಜ, ಆದರೆ ಆ ಮಾತನ್ನು ಗಡುವಿನಂತೆ ಹೇಳಿದಾಗ ಮನೆಯ ಪ್ರತಿ ಕೋಣೆಯೂ ಕ್ಲಿನಿಕ್ ಆಗುತ್ತದೆ, ಊಟದ ತಟ್ಟೆಯೂ ಪಾಠದ ಸಲಕರಣೆಯಾಗುತ್ತದೆ, ಮತ್ತು ದಣಿದು ಬಂದ ಮಗು ಓಡಿಹೋಗಿ ಮಡಿಲು ಸೇರಬೇಕಾದ ವ್ಯಕ್ತಿಯೇ ಅದರ ಪರೀಕ್ಷಕಿಯಾಗಿಬಿಡುತ್ತಾಳೆ.

ಹಾಗೆಂದು ಪೋಷಕರು ಏನನ್ನೂ ಕಲಿಯಬಾರದು ಎಂದು ನಾನು ಹೇಳುತ್ತಿಲ್ಲ. ವಾಕ್ ಚಿಕಿತ್ಸೆ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಶನಲ್ ಥೆರಪಿ ಬೇಕಾದ ಮಕ್ಕಳಿಗೆ ಅವು ಸಿಗಲೇಬೇಕು. ನಮ್ಮದೇ ಕರಾವಳಿಯ ಉದ್ದಕ್ಕೆ ಮೇಲಿರುವ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಪೋಷಕರಿಗೆ ತರಬೇತಿ ಕೊಟ್ಟ ಆ ಪ್ರಯೋಗದಲ್ಲಿ 65 ಮಕ್ಕಳಿದ್ದರು. ಅಲ್ಲಿ ತಾಯಂದಿರಿಗೆ ಕಲಿಸಿದ್ದು ಕಾರ್ಡು ತೋರಿಸುವುದನ್ನಲ್ಲ. ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ತಾವು ಹೋಗುವುದನ್ನು, ಅದು ಕೊಟ್ಟ ಸಣ್ಣ ಸೂಚನೆಗೆ ಸ್ಪಂದಿಸುವುದನ್ನು, ಕಾಯುವುದನ್ನು. ಪೋಷಕರ ಸ್ಪಂದನೆ ಸುಧಾರಿಸಿತು, ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಬೋಧಿಸುವ ತಾಯಿಗೂ ಹಿಂಬಾಲಿಸುವ ತಾಯಿಗೂ ಇರುವ ಅಂತರ ನನಗೆ ಈ ಕೆಲಸದಲ್ಲಿ ದಿನವೂ ಕಾಣುತ್ತದೆ.

ಇನ್ನು ಪ್ರೀತಿಯ ಪ್ರಶ್ನೆ. ನಾವು ಕನ್ನಡದಲ್ಲಿ ಬಳಸುವ ಸ್ವಲೀನತೆ ಎಂಬ ಪದವೇ ಒಂದು ತೀರ್ಪಿನಂತಿದೆ: ತನ್ನಲ್ಲೇ ಲೀನನಾದವನಿಗೆ ಇತರರು ಬೇಕಿಲ್ಲ ಎಂಬ ಅರ್ಥ ಅದರೊಳಗೆ ಕುಳಿತಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಓಯ್ಗೆನ್ ಬ್ಲಾಯ್ಲರ್ 1911ರ ಸುಮಾರಿಗೆ ಬೇರೆಯೇ ಕಾಯಿಲೆಯ ಸಂದರ್ಭದಲ್ಲಿ ಗ್ರೀಕ್ ಮೂಲದಿಂದ ಕಟ್ಟಿದ ಆಟಿಸಂ ಎಂಬ ಪದವನ್ನು 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಲು ಎತ್ತಿಕೊಂಡರು, ನಾವು ಅದನ್ನು ನಿಷ್ಠೆಯಿಂದ ಅನುವಾದಿಸಿಕೊಂಡೆವು. ನಾನು ಬರವಣಿಗೆಯಲ್ಲಿಯೂ ಆಟಿಸಂ ಎಂದೇ ಬಳಸುವುದು ಈ ಕಾರಣಕ್ಕೆ. ವಾಸ್ತವದಲ್ಲಿ ಈ ಮಕ್ಕಳಿಗೆ ಭಾವನೆಗಳು ಕಡಿಮೆಯಿಲ್ಲ. ಎಷ್ಟೋ ಮಕ್ಕಳಿಗೆ ತಡೆಯಲಾಗದಷ್ಟು ಇವೆ. ಕಷ್ಟವಿರುವುದು ಅವನ್ನು ಗುರುತಿಸಿ ಹೆಸರಿಡುವಲ್ಲಿ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲೆಕ್ಸಿಥೈಮಿಯಾ, ಅಂದರೆ ತನ್ನೊಳಗಿನ ಭಾವ ಯಾವುದೆಂದು ತನಗೇ ತಿಳಿಯದ ತೊಡಕು ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಹಸಿವು, ಉಚ್ಚೆಯ ಒತ್ತಡ, ಹೊಟ್ಟೆನೋವು, ಹೆದರಿಕೆ ಇವೆಲ್ಲವೂ ಒಂದೇ ಬಗೆಯ ಕಸಿವಿಸಿಯಾಗಿ ಅನುಭವಕ್ಕೆ ಬಂದಾಗ "ನಿನಗೆ ಏನಾಗ್ತಾ ಉಂಟು ಹೇಳು" ಎಂಬ ನಮ್ಮ ಪ್ರಶ್ನೆ ಆ ಮಗುವಿನ ಪಾಲಿಗೆ ಸಹಾಯವಾಗುವ ಬದಲು ಇನ್ನೊಂದು ಪರೀಕ್ಷೆಯಾಗುತ್ತದೆ.

ತಪ್ಪು ತಿಳಿವಳಿಕೆ ಒಂದು ಕಡೆಯದ್ದು ಮಾತ್ರವಲ್ಲ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಎರಡು ಬದಿಯ ಅನುಭೂತಿಯ ಸಮಸ್ಯೆ ಎಂದು ಕರೆದರು: ಅವರಿಗೆ ನಮ್ಮ ಮನಸ್ಸು ಓದಲು ಕಷ್ಟವಾಗುವಷ್ಟೇ ನಮಗೆ ಅವರದ್ದನ್ನು ಓದಲು ಕಷ್ಟ, ಆದರೆ ಕೊರತೆಯ ಹಣೆಪಟ್ಟಿ ಬೀಳುವುದು ಅವರಿಗೆ ಮಾತ್ರ. ಸುರತ್ಕಲ್‌ನ ಆ ಹುಡುಗ ತಾಯಿ ಒಗೆದ ಬಟ್ಟೆ ಮಡಚುವಾಗ ಅವರಿಗೆ ಬೆನ್ನು ತಾಗಿಸಿ, ಮುಖ ಆಚೆ ಮಾಡಿ ಕೂರುತ್ತಿದ್ದನಂತೆ. ಮುಖ ತಿರುಗಿಸಿದ್ದರಿಂದ ನೋಟ್‌ಬುಕ್‌ನಲ್ಲಿ ಅದಕ್ಕೆ ಸೊನ್ನೆ ಬಿದ್ದಿತ್ತು. ಇಡೀ ಮನೆಯಲ್ಲಿ ಅವನು ಬೆನ್ನು ತಾಗಿಸುತ್ತಿದ್ದುದು ಯಾರಿಗೆ ಎಂದು ಕೇಳಿದಾಗ ಅವರು ಉತ್ತರಿಸಲಿಲ್ಲ, ಕಣ್ಣೊರೆಸಿಕೊಂಡರು.

ನಮ್ಮ ಜಿಲ್ಲೆಗಳಲ್ಲಿ ಈ ಸಂಬಂಧದ ಮೇಲೆ ಬೀಳುವ ಒಂದು ಪೆಟ್ಟು ಭಾಷೆಯದ್ದು, ಮತ್ತು ಇದರ ಬಗ್ಗೆ ನನಗೆ ಸಿಟ್ಟಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಂಗಳೂರು ಉಡುಪಿಯ ಮಗುವಿಗೆ ಮಾತು ತಡವಾದರೆ, "ಒಂದೇ ಭಾಷೆ ಮಾತಾಡಿ, ಗೊಂದಲವಾಗುತ್ತದೆ" ಎಂಬ ಸಲಹೆ ಸಿಗುತ್ತದೆ, ಮತ್ತು ಆ ಒಂದು ಭಾಷೆ ಯಾವಾಗಲೂ ಇಂಗ್ಲಿಷೇ ಆಗಿರುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳ ಮಾತು ಒಂದೇ ಭಾಷೆಯಲ್ಲಿ ಬೆಳೆಯುವವರಿಗಿಂತ ಹಿಂದೆ ಬೀಳುವುದಿಲ್ಲ ಎಂದೇ ಈವರೆಗಿನ ಸಂಶೋಧನೆ ತೋರಿಸಿದೆ. ಆದರೆ ಆ ಸಲಹೆಯಿಂದ ಮನೆಯಲ್ಲಿ ಆಗುವುದನ್ನು ನೋಡಿ. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ "ಕಮ್, ಸಿಟ್, ಈಟ್" ಎಂಬಷ್ಟಕ್ಕೆ ನಿಲ್ಲುತ್ತಾಳೆ. ಮುದ್ದಿಗೆ, ಗದರಿಕೆಗೆ, ಹಾಡಿಗೆ ಬೇಕಾದ ಮಾತು ಬರುವುದಿಲ್ಲ. ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಸುರತ್ಕಲ್‌ನ ಹುಡುಗನ ಅಜ್ಜಿ ಮೂರು ವರ್ಷ ಮೊಮ್ಮಗನೊಡನೆ "ಒಣಸ್ ಆಂಡಾ" (ಊಟ ಆಯಿತಾ) ಎಂದು ಸಹ ಕೇಳಿರಲಿಲ್ಲ, ಯಾಕೆಂದರೆ ತುಳು ಮಾತಾಡಿದರೆ ಅವನು ಹಾಳಾಗುತ್ತಾನೆ ಎಂದು ಅವರಿಗೆ ಹೇಳಲಾಗಿತ್ತು. ನಾವು ಮಾಡಿದ ಮೊದಲ ಬದಲಾವಣೆ ಅಜ್ಜಿಗೆ ಅವರ ಭಾಷೆಯನ್ನು ಹಿಂತಿರುಗಿಸಿದ್ದು.

ಈ ಹುಡುಗನ ತಂದೆ ಸೌದಿಯ ದಮ್ಮಾಮ್‌ನಲ್ಲಿ. ಕರಾವಳಿಯ ಎಷ್ಟೋ ಮನೆಗಳಂತೆ ಇಲ್ಲಿಯೂ ಅಪ್ಪನೆಂದರೆ ರಾತ್ರಿಯ ವಿಡಿಯೊ ಕಾಲ್. "ಇಲ್ಲಿ ನೋಡು, ಅಪ್ಪ ಅನ್ನು, ಹಾಯ್ ಹೇಳು" ಎಂಬ ಒತ್ತಾಯಕ್ಕೆ ಮಗ ಫೋನ್ ಕಂಡರೆ ಓಡುತ್ತಿದ್ದ. ಅವನಿಗೆ ಸೀಲಿಂಗ್ ಫ್ಯಾನ್‌ಗಳ ಹುಚ್ಚು. ಮಾತು ಬಿಟ್ಟು ಕ್ಯಾಮೆರಾವನ್ನು ನಿಮ್ಮ ಕೋಣೆಯ ಫ್ಯಾನಿನತ್ತ ತಿರುಗಿಸಿ ಎಂದು ಸೂಚಿಸಿದೆ. ಅವರು ಸ್ವಲ್ಪ ಅವಮಾನದಿಂದಲೇ ಒಪ್ಪಿದರು. ಈಗ ಅವರು ಕೆಲಸದ ಸ್ಥಳದ, ಮೆಸ್ಸಿನ, ಮಸೀದಿಯ ಪಕ್ಕದ ಅಂಗಡಿಯ ಫ್ಯಾನುಗಳನ್ನೆಲ್ಲ ತೋರಿಸುತ್ತಾರೆ, ಮಗ ನೋಡುತ್ತಾನೆ, ಕೆಲವೊಮ್ಮೆ ಇಬ್ಬರೂ ಏನೂ ಮಾತಾಡದೆ ಹತ್ತು ನಿಮಿಷ ಕಳೆಯುತ್ತಾರೆ. ಆಸಕ್ತಿಯನ್ನು ಬಿಡಿಸುವುದೇ ಚಿಕಿತ್ಸೆ ಎಂದು ನಂಬಿದವರಿಗೆ ಇದು ವಿಚಿತ್ರವೆನಿಸಬಹುದು.

ಸಂಬಂಧ ಕೆಡುವ ಇನ್ನೊಂದು ಜಾಗ ಮೆಲ್ಟ್‌ಡೌನ್, ಅಂದರೆ ಮಗು ಹಿಡಿತ ತಪ್ಪಿ ಅಳು, ಕಿರುಚಾಟಕ್ಕೆ ಕುಸಿಯುವುದು. ಹಠಕ್ಕೂ ಇದಕ್ಕೂ ವ್ಯತ್ಯಾಸವಿದೆ: ಹಠ ಮಾಡುವ ಮಗು ಬೇಕಾದದ್ದು ಸಿಕ್ಕರೆ ಸಾಮಾನ್ಯವಾಗಿ ನಿಲ್ಲಿಸುತ್ತದೆ, ಮೆಲ್ಟ್‌ಡೌನ್‌ನಲ್ಲಿರುವ ಮಗುವಿಗೆ ಬೇಕಾದದ್ದನ್ನು ಕೊಟ್ಟರೂ ನಿಲ್ಲಿಸಲಾಗುವುದಿಲ್ಲ, ಯಾಕೆಂದರೆ ಅದು ತಾಳಿಕೊಳ್ಳುವ ಮಿತಿ ದಾಟಿದೆ. ಆಗ ಬುದ್ಧಿಮಾತು ಕಿವಿಗೆ ಇಳಿಯದು. ಮಾತು, ಬೆಳಕು, ಜನ ಮೂರನ್ನೂ ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಂಡು, ಹತ್ತಿರದಲ್ಲೇ ಕಾಯಬೇಕು. ಆದರೆ ನಿಜವಾದ ಕೆಲಸ ಇರುವುದು ಅದಕ್ಕೂ ಮೊದಲು, ಮಿತಿಗೆ ಬರುವ ದಾರಿಯಲ್ಲಿ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಮೆಲ್ಟ್‌ಡೌನ್‌ಗಳು ಹೆಚ್ಚುತ್ತವೆ ಎಂದು ಹೆತ್ತವರು ಹೇಳುತ್ತಾರೆ, ಮತ್ತು ಕಾರಣ ಊಹಿಸುವುದು ಕಷ್ಟವಲ್ಲ: ಹೆಂಚಿನ ಮೇಲೆ ಇಡೀ ರಾತ್ರಿ ಸದ್ದು, ಒದ್ದೆ ಯೂನಿಫಾರ್ಮ್, ಕರೆಂಟು ಹೋಗಿ ನಿಂತ ಫ್ಯಾನು, ಎಲ್ಲಕ್ಕಿಂತ ಮಿಗಿಲಾಗಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ಘೋಷಿಸುವ ರಜೆ. ಉಳಿದ ಮಕ್ಕಳು ಆ ಸುದ್ದಿಗಾಗಿ ವಾಟ್ಸ್ಆ್ಯಪ್ ಕಾಯುವಾಗ, ದಿನದ ಕ್ರಮವನ್ನೇ ಊರುಗೋಲಾಗಿ ಹಿಡಿದ ಮಗುವಿಗೆ ಅದು ಕಾಲಡಿಯ ನೆಲ ಸರಿದಂತೆ. ಮಳೆಗಾಲಕ್ಕೆ ನಾವು ಎರಡು ಚಿತ್ರಗಳ ಒಂದು ಕಾರ್ಡ್ ಮಾಡಿಕೊಡುತ್ತೇವೆ: ಒಂದು ಬದಿಯಲ್ಲಿ ಶಾಲೆ, ಇನ್ನೊಂದರಲ್ಲಿ ಮನೆ. ಹಿಂದಿನ ಸಂಜೆ "ಶಾಲೆ ಇರಬಹುದು, ಮನೆ ಇರಬಹುದು" ಎಂದು ತೋರಿಸಿ, ಬೆಳಿಗ್ಗೆ ಒಂದನ್ನು ಮುಚ್ಚುವುದು. ಅನಿಶ್ಚಿತತೆಯೂ ಹೀಗೆ ದಿನಚರಿಯ ಒಂದು ಭಾಗವಾಗುತ್ತದೆ. ಅಷ್ಟಮಿಯ ಹುಲಿವೇಷ, ದೇವಸ್ಥಾನದ ಚೆಂಡೆ, ನೇಮದ (ದೈವಾರಾಧನೆಯ) ಕದಿನ ಎಂಬ ಸಿಡಿಮದ್ದು ಇವುಗಳಿಂದ ಮಗುವನ್ನು ದೂರ ಇಡಲೇಬೇಕೆಂದೇನೂ ಇಲ್ಲ. ಉಡುಪಿಯ ಒಬ್ಬ ಹುಡುಗಿ ಕಿವಿ ಮುಚ್ಚಿಕೊಂಡೇ ಹುಲಿ ಬೇಕೆಂದು ಅಳುತ್ತಿದ್ದಳು. ರಥಬೀದಿಯ ಹತ್ತಿರದ ಸಂಬಂಧಿಕರ ಮನೆಯ ಮೂರನೆಯ ಮಹಡಿಯ ಕಿಟಕಿ ಮತ್ತು ಒಂದು ಜೊತೆ ಇಯರ್‌ಮಫ್‌ನಿಂದ ಅದು ಬಗೆಹರಿಯಿತು.

ತಾಯಂದಿರ ಮೇಲಿನ ಆರೋಪಕ್ಕೆ ದೀರ್ಘ ಇತಿಹಾಸವಿದೆ. ತಾಯಿಯ ಪ್ರೀತಿಯ ಕೊರತೆಯೇ ಆಟಿಸಂಗೆ ಕಾರಣ ಎಂಬ ವಾದವನ್ನು, ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಅಲ್ಲಗಳೆದರು, ವಿಜ್ಞಾನ ಅದನ್ನು ಎಂದೋ ಬಿಟ್ಟಿತು. ನಮ್ಮ ಊರುಗಳಲ್ಲಿ ಅದು ವೇಷ ಬದಲಿಸಿ ಬಂದಿದೆ: ಮೊಬೈಲ್ ಕೊಟ್ಟದ್ದಕ್ಕೆ, ಕೆಲಸಕ್ಕೆ ಹೋದದ್ದಕ್ಕೆ, ಹರಕೆ ತೀರಿಸದ್ದಕ್ಕೆ. ಪರದೆ ನೋಡಿದ್ದರಿಂದ ಬರುತ್ತದೆಂದು ಹೇಳಲಾಗುವ ವರ್ಚುವಲ್ ಆಟಿಸಂ ಎಂಬುದು ರೋಗನಿರ್ಣಯದ ಯಾವ ಅಧಿಕೃತ ಕೈಪಿಡಿಯಲ್ಲಿಯೂ ಇಲ್ಲ. ದೈವದ ಎದುರು ಕೈಮುಗಿದು ಸಮಾಧಾನ ಪಡೆಯುವವರನ್ನು ನಾನು ತಡೆಯುವುದಿಲ್ಲ, ಆದರೆ ದೋಷ ಸೊಸೆಯದ್ದು ಎಂಬ ಮಾತು ಬಂದಲ್ಲಿ ಅತ್ತೆ, ಮಾವ, ಗಂಡ ಎಲ್ಲರನ್ನೂ ಕರೆಸಿ ಕೂರಿಸುತ್ತೇನೆ. ತಾಯಿಯ ಖಿನ್ನತೆಗೆ ಚಿಕಿತ್ಸೆ ಕೊಡದೆ ಮಗುವಿನ ಕಾರ್ಯಕ್ರಮ ರೂಪಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಹದಿಹರೆಯದವರ ಬಗ್ಗೆ ಒಂದು ಎಚ್ಚರಿಕೆ. ಆತಂಕ ಮತ್ತು ಖಿನ್ನತೆ ಆಟಿಸಂ ಇರುವವರಲ್ಲಿ ಇತರರಿಗಿಂತ ಹೆಚ್ಚು, ಆದರೆ ಅವು ಅಳುವಿನ ರೂಪದಲ್ಲಿ ಬರದಿರಬಹುದು. ಸಿಟಿ ಬಸ್ಸುಗಳ ನಂಬರನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಹುಡುಗ ಬಸ್ಸು ಬಂದರೂ ತಲೆ ಎತ್ತದಿದ್ದರೆ, ನಿದ್ದೆ ಕೆಟ್ಟರೆ, ತನಗೇ ಹೊಡೆದುಕೊಳ್ಳುವುದು ಹೊಸದಾಗಿ ಶುರುವಾದರೆ, "ಅದು ಆಟಿಸಂ" ಎಂದು ಬಿಟ್ಟುಬಿಡಬೇಡಿ. ಮೊದಲು ಹಲ್ಲು, ಕಿವಿ, ಹೊಟ್ಟೆಯ ನೋವಿದೆಯೇ ಎಂದು ವೈದ್ಯರಿಂದ ನೋಡಿಸಿ, ಆನಂತರ ಮನೋವೈದ್ಯರನ್ನು ಕಾಣಿ. ಮಾತು ಚೆನ್ನಾಗಿ ಬರುವ, ಕಾಲೇಜಿನಲ್ಲಿ ಇಡೀ ದಿನ ಎಲ್ಲರಂತೆ ನಟಿಸಿ ಬರುವ ಯುವಕ ಯುವತಿಯರಲ್ಲಿ ಸಾಯುವ ಯೋಚನೆ ಬರುವುದುಂಟು, ನೇರವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಕಾಗದಪತ್ರಗಳ ವಿಷಯ ಚಿಕ್ಕದಾಗಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆಯಿದೆ, ಮತ್ತು 18 ತುಂಬಿದ ಮೇಲೆ ಅಗತ್ಯವಿದ್ದವರಿಗೆ ಕಾನೂನಿನ ಪಾಲಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳಡಿ ಇರುತ್ತದೆ.

ಆದರೆ "ನಮ್ಮ ನಂತರ ಯಾರು" ಎಂದು ಹೆತ್ತವರು ಕೇಳುವಾಗ ಅವರು ಕೇಳುತ್ತಿರುವುದು ಕಾಗದವನ್ನಲ್ಲ. ಇವನನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿದ್ದಾರೆಯೇ ಎಂದು. ಆದ್ದರಿಂದ ಪ್ರತಿ ಕುಟುಂಬಕ್ಕೂ ಒಂದು ಕೆಲಸ ಕೊಡುತ್ತೇನೆ: ಈ ವ್ಯಕ್ತಿಯ ಬಗ್ಗೆ ಎರಡು ಪುಟ ಬರೆಯಿರಿ, ಅಕ್ಕ, ಚಿಕ್ಕಪ್ಪ, ನೆರೆಮನೆಯವರು, ಆಸ್ಪತ್ರೆಯ ನರ್ಸ್ ಓದಿ ತಿಳಿಯುವಂತೆ. ಸುರತ್ಕಲ್‌ನ ತಾಯಿ ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಿಂದ ಶುರು ಮಾಡಿದ್ದಾರೆ. ಮೊದಲ ನಾಲ್ಕು ಸಾಲುಗಳು ಅಜ್ಜಿ ತುಳುವಿನಲ್ಲಿ ಹೇಳಿ ಬರೆಸಿದವು. ಅವುಗಳಲ್ಲೊಂದು, ಹೊಟ್ಟೆನೋವಾದಾಗ ಅವನು ಹೊಟ್ಟೆ ಮುಟ್ಟುವುದಿಲ್ಲ, ಎಡಗಿವಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ ಎಂಬುದು, ತಾಯಿಗೇ ಗೊತ್ತಿರಲಿಲ್ಲ.